ಎರಡನೇ ಕ್ಯಾಮೆರಾದಲ್ಲಿ ಕಂಡದ್ದು

ಮೇಷ್ಟ್ರೇ,

ನಾನು ಯೂನಸ್. ಪಿ.ಟಿ. ಪೀರಿಯಡ್ಡಿನಲ್ಲಿ ನಿಮ್ಮ ಕೈಲಿ ಕಿವಿ ಹಿಂಡಿಸಿಕೊಂಡ ಯೂನಸ್. ಆಮೇಲೆ ಇಪ್ಪತ್ತು ವರ್ಷಕ್ಕೂ ಮೇಲೆ ನಿಮ್ಮ ‘ಭಾನುವಾರದ ಅಂಗಳ’ ಟಿ.ವಿ. ಕಾರ್ಯಕ್ರಮಕ್ಕೆ ಕ್ಯಾಮೆರಾ ಹಿಡಿದ ಯೂನಸ್. ನೀವು ಹೋಗಿ ಮೂರು ತಿಂಗಳಾಯಿತು. ನನಗೆ ಕಾಗದ ಬರೆದು ಅಭ್ಯಾಸವಿಲ್ಲ, ನಿಮಗೇ ಗೊತ್ತು, ರಜಾ ಅರ್ಜಿಯನ್ನೂ ನೀವೇ ತಿದ್ದಿಕೊಡುತ್ತಿದ್ದಿರಿ. ಆದರೆ ನಾಡಿದ್ದು ಸಂಜೆ ಆರು ಗಂಟೆಗೆ ನಿಮ್ಮ ಕುರ್ಚಿಯಲ್ಲಿ ನಾನು ಕೂರಬೇಕಾಗಿದೆ. ಅದಕ್ಕೆ ಮೊದಲು ನಿಮಗೊಂದು ವಿಷಯ ಹೇಳಲೇಬೇಕು. ಎಂಟು ವರ್ಷದ ಹಿಂದೆಯೇ ಹೇಳಬೇಕಾಗಿದ್ದ ವಿಷಯ. ನಿನ್ನೆಯಿಂದ ತಟ್ಟೆ ಮುಂದೆ ಕೂತು ಹಾಗೇ ಎದ್ದು ಬರುತ್ತಿದ್ದೇನೆ. ನನ್ನ ಹೆಂಡತಿ ಜ್ವರ ಬಂದಿದೆಯೇ ಎಂದು ಎರಡು ಸಲ ಹಣೆ ಮುಟ್ಟಿ ನೋಡಿದಳು.

ನಮ್ಮ ಮೊದಲ ಭಾನುವಾರ ನೆನಪಿದೆಯೇ? ಮದ್ದೂರಿನ ಕೇಬಲ್ ಆಫೀಸಿನ ಹಿಂದಿನ ರೂಮು, ಗೋಡೆಗೆ ಮೊಳೆ ಹೊಡೆದು ಕಟ್ಟಿದ ನೀಲಿ ಬಟ್ಟೆ, ನಾನು ಮದುವೆ ವಿಡಿಯೋಗೆ ಇಟ್ಟುಕೊಂಡಿದ್ದ ಎರಡು ಲೈಟು. ಕೇಬಲ್ ಓನರ್ ಪ್ರಕಾಶಣ್ಣ, “ಕಾಲ್ ಗಂಟೆ ಮಾತಾಡಿ ಸಾರ್, ಸಾಕು” ಎಂದಿದ್ದರು. ನೀವು ಸೋಮನಹಳ್ಳಿಯ ವಾಲಿಬಾಲ್ ಪಂದ್ಯದ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದಿರಿ. ಗೆದ್ದವರ ಸಂಗತಿ ಐದೇ ನಿಮಿಷ. ಆಮೇಲೆ ಸೋತ ತಂಡದ ಒಬ್ಬೊಬ್ಬ ಹುಡುಗನ ಹೆಸರನ್ನೂ ಊರಿನ ಸಮೇತ ಹೇಳಿದಿರಿ. ಯಾಕೆ ಸಾರ್ ಎಂದು ನಾನು ಕೇಳಿದ್ದಕ್ಕೆ, “ಗೆದ್ದೋರ ಎಸರ ಪೇಪರ್‌ನೋರು ಆಕ್ತಾರೆ ಕಣ್ಲಾ. ಸೋತೋರ ಎಸರ ನಾವಲ್ದೆ ಇನ್ಯಾರ್ ಏಳ್ತಾರೆ?” ಎಂದಿರಿ. ಅವತ್ತಿನಿಂದ ಮದ್ದೂರು, ಮಳವಳ್ಳಿ ಕಡೆ ಎಷ್ಟು ತಾಯಂದಿರು ಭಾನುವಾರ ಸಂಜೆ ಮುದ್ದೆ ತಿರುವುವ ಹೊತ್ತಿನಲ್ಲಿ ಟಿ.ವಿ. ಮುಂದೆ ನಿಂತಿರಲಿಲ್ಲ, ತಮ್ಮ ಮಗನ ಹೆಸರು ನಿಮ್ಮ ಬಾಯಲ್ಲಿ ಬರುತ್ತದೆಂದು? ನಿಮ್ಮ ಬಾಯಲ್ಲಿ ಬಂದದ್ದು ನಿಜ ಎಂದೇ ಎಲ್ಲರ ಲೆಕ್ಕ. ಅದೇ ನೋಡಿ ಈಗ ನನ್ನ ಎದೆ ಮೇಲೆ ಕೂತಿರುವುದು.

ಮಳವಳ್ಳಿಯ ಆ ಶನಿವಾರಕ್ಕೆ ಬರುತ್ತೇನೆ. ಹೈಸ್ಕೂಲ್ ಮೈದಾನ, ಕಬಡ್ಡಿ ಫೈನಲ್, ಪೂರಿಗಾಲಿ ತಂಡಕ್ಕೂ ನಮ್ಮ ಮದ್ದೂರು ತಂಡಕ್ಕೂ. ಮದ್ದೂರು ಒಂದು ಪಾಯಿಂಟ್ ಮುಂದಿತ್ತು, ಉಳಿದಿದ್ದು ಕೊನೆಯ ರೈಡು. ಪೂರಿಗಾಲಿಯ ಸಿದ್ದರಾಜು ಒಳಗೆ ಹೋದ. ಇಪ್ಪತ್ತೆರಡರ ಹುಡುಗ, ಜಿಲ್ಲಾ ತಂಡಕ್ಕೆ ಇವನ ಹೆಸರು ಹೋಗಿದೆ ಎಂದು ನೀವೇ ಮೈಕಿನಲ್ಲಿ ಹೊಗಳಿದ್ದಿರಿ. ಎಡ ಮೂಲೆಯಲ್ಲಿ ನಿಂತಿದ್ದವನ ಕಡೆ ಬಾಗಿದ, ಸರಕ್ಕನೆ ತಿರುಗಿದ, ಗೆರೆ ದಾಟಿ ಬಂದು ‘ಟಚ್’ ಎಂದು ಕೈ ಎತ್ತಿದ. ಮೂಲೆಯವನು ಇಲ್ಲ ಎಂದು ತಲೆಯಾಡಿಸಿದ. ರೆಫರಿ ಪಾಯಿಂಟ್ ಕೊಡಲಿಲ್ಲ. ಕೊಟ್ಟಿದ್ದರೆ ಪಂದ್ಯ ಸಮ, ಇನ್ನೊಂದು ಸುತ್ತು ಆಟ. ಸಿದ್ದರಾಜು ನಡುಗೆರೆಯ ಮೇಲೆ ಕೂತುಬಿಟ್ಟ. “ಮುಟ್ಟಿವ್ನಿ ಸಾರ್, ಅವ್ನ ಅಂಗಿ ಮುಟ್ಟಿವ್ನಿ, ನಮ್ಮವ್ವನಾಣೆ” ಎಂದು ಅಲ್ಲಿಂದಲೇ ಕೂಗಿದ. ಕೊನೆಗೆ ನಾಲ್ಕು ಜನ ರಟ್ಟೆ ಹಿಡಿದು ಎತ್ತಿಕೊಂಡು ಹೋದರು. ಜನ ಹೋ ಎಂದು ಸಿಳ್ಳೆ ಹಾಕಿದರು. ನನ್ನ ದೊಡ್ಡ ಕ್ಯಾಮೆರಾ ಪಕ್ಕದಲ್ಲಿತ್ತು. ಅದರಲ್ಲಿ ಸಿದ್ದರಾಜುವಿನ ಬೆನ್ನು, ಅವನಿಗೂ ಮೂಲೆಯವನಿಗೂ ನಡುವೆ ಒಂದು ಮೊಳ ಜಾಗ ಇದ್ದಂತೆ ಕಂಡಿತೇ ಹೊರತು ಅವನ ಕೈ ಕಾಣಲಿಲ್ಲ.

ಅವತ್ತು ಬಸ್ಸಿನಲ್ಲಿ ವಾಪಸ್ ಬರುವಾಗ ನೀವು ನನ್ನನ್ನು ಕೇಳಿದಿರಿ. ಕಿಟಕಿ ಪಕ್ಕ ನೀವು, ತೊಡೆಯ ಮೇಲೆ ಟ್ರೈಪಾಡು ಇಟ್ಟುಕೊಂಡು ನಾನು. “ಮಾಳ್ಗೆ ಮ್ಯಾಲೆ ಇನ್ನೊಂದ್ ಕ್ಯಾಮ್ರ ಮಡ್ಗಿದ್ದಲ್ಲ ಯೂನಸು, ಅದ್ರಲ್ಲೇನಾರ ಬಿದ್ದದೇನೋ?” ಸ್ಕೂಲಿನ ಮಾಳಿಗೆಯ ಗೋಡೆ ಮೇಲೆ ನಾನೊಂದು ಸಣ್ಣ ಕ್ಯಾಮೆರಾ ಇಟ್ಟಿದ್ದು ನಿಜ. ಅದರ ಬ್ಯಾಟರಿ ಯಾವಾಗಲೂ ಅರ್ಧಕ್ಕೆ ಕೈ ಕೊಡುತ್ತಿತ್ತು. ಆಟ ಶುರುವಾದ ಮೇಲೆ ಅದನ್ನು ಹತ್ತಿ ನೋಡಲು ನಾನು ಹೋಗಿರಲಿಲ್ಲ. ಬೆಳಗಿನಿಂದ ನಿಂತು ನಿಂತು ಕಾಲು ಬಿದ್ದುಹೋಗಿತ್ತು, ಹಸಿವು ಬೇರೆ. “ಇಲ್ಲ ಸಾರ್, ಬ್ಯಾಟ್ರಿ ಓಗಿತ್ತು” ಅಂದುಬಿಟ್ಟೆ. ನೋಡದೆ ಅಂದುಬಿಟ್ಟೆ. ನೀವು ಮತ್ತೆ ಕೇಳಲಿಲ್ಲ. ಯಾಕೆ ಕೇಳುತ್ತೀರಿ? ನಾನು ಸುಳ್ಳು ಹೇಳುತ್ತೇನೆಂದು ನಿಮಗೆ ಯಾಕೆ ಅನ್ನಿಸಬೇಕು?

ಮಾರನೆಯ ದಿನ ನೀವು ಆಡಿದ ಮಾತು ನನಗೆ ಬಾಯಿಪಾಠ. ಪಕ್ಕದ ಕ್ಯಾಮೆರಾದ ದೃಶ್ಯವನ್ನು ಮೂರು ಸಲ ತೋರಿಸಿ, ಕನ್ನಡಕ ತೆಗೆದು, ನೇರವಾಗಿ ನನ್ನ ಲೆನ್ಸಿಗೆ ನೋಡಿ ಹೇಳಿದಿರಿ: “ಸೋಲದು ತಪ್ಪಲ್ಲ. ಎತ್ತವ್ವನ ಮ್ಯಾಲೆ ಆಣೆ ಇಟ್ಟು ಸುಳ್ಳೇಳದು ತಪ್ಪು. ಆಟ ಬರ್ದಿದ್ರೂ ಚಿಂತೆಯಿಲ್ಲ ಮಕ್ಳೇ, ಈ ಬುದ್ದಿ ಮಾತ್ರ ಕಲೀಬ್ಯಾಡಿ.” ನೀವು ಅಷ್ಟು ಬೇಸರದಿಂದ ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಆ ತುಣುಕು ಮೊಬೈಲಿನಿಂದ ಮೊಬೈಲಿಗೆ ಹೋಯಿತು. ಸ್ಕೂಲುಗಳಲ್ಲಿ ಪ್ರಾರ್ಥನೆಯ ಹೊತ್ತಿಗೆ ನಿಮ್ಮನ್ನು ಕರೆಸಿ ಅದೇ ವಿಷಯ ಮಾತಾಡಿಸಿದರು. ಸಿದ್ದರಾಜುವಿಗೆ ‘ಟಚ್ ಸಿದ್ದ’ ಎಂದು ಹೆಸರು ಬಿತ್ತು. ಜಿಲ್ಲಾ ತಂಡದವರು ಜಗಳಗಂಟ ಬೇಡ ಎಂದು ಕೈಬಿಟ್ಟರು. ಅವನು ಆಟವನ್ನೇ ಬಿಟ್ಟ.

ಸೋಮವಾರ, ಅಂದರೆ ನೀವು ಆ ಮಾತಾಡಿದ ಮರುದಿನವೇ, ಒಂದು ಮದುವೆಗೆಂದು ಸಣ್ಣ ಕ್ಯಾಮೆರಾದ ಕಾರ್ಡು ಖಾಲಿ ಮಾಡಲು ಕೂತೆ. ಬ್ಯಾಟರಿ ಹೋಗಿರಲಿಲ್ಲ ಮೇಷ್ಟ್ರೇ. ಆಟ ಮುಗಿದು, ಜನ ಎದ್ದು, ಮೈದಾನದಲ್ಲಿ ನಾಯಿ ಓಡಾಡುವವರೆಗೂ ಅದು ಸುಮ್ಮನೆ ನೋಡುತ್ತಲೇ ಇತ್ತು. ಮೇಲಿನಿಂದ ಎಲ್ಲ ಸ್ಪಷ್ಟ. ಸಿದ್ದರಾಜು ತಿರುಗುವಾಗ ಅವನ ಎಡಗೈಯ ಎರಡು ಬೆರಳು ಮೂಲೆಯವನ ಅಂಗಿಯ ಅಂಚಿಗೆ ತಾಗಿ, ಅಂಗಿ ಒಂದು ಗೇಣು ಎದ್ದು ಬೀಳುತ್ತದೆ. ಮುಟ್ಟಿದ್ದ. ನಾನು ಹಿಂದಕ್ಕೆ ಓಡಿಸಿ ನೋಡಿದೆ, ಮುಂದಕ್ಕೆ ಓಡಿಸಿ ನೋಡಿದೆ. ಗಾಳಿಗೆ ಎದ್ದ ಅಂಗಿ ಇರಬಹುದೇ? ನೆರಳು ಇರಬಹುದೇ? ಇಲ್ಲ. ಮುಟ್ಟಿದ್ದ.

ನೀವು ಕೇಳಬಹುದು, ಅವತ್ತೇ ಯಾಕೆ ಓಡಿ ಬರಲಿಲ್ಲ ಎಂದು. ಬಂದೆ. ಬಾಗಿಲವರೆಗೂ ಬಂದೆ. ಮಾಲೆ ಹಾಕಿಸಿಕೊಂಡು ಯಾವುದೋ ಸ್ಕೂಲಿನಿಂದ ಆಗ ತಾನೇ ಬಂದಿದ್ದಿರಿ. “ಬಾ ಯೂನಸು, ಈ ಮಾಲೆ ನಿಂಗೂ ಸೇರ್ಬೇಕು ಕಣ್ಲಾ” ಎಂದಿರಿ. ಮುಂದಿನ ವಾರ ಹೇಳೋಣ ಅಂದುಕೊಂಡೆ. ಮುಂದಿನ ವಾರ ನಿಮಗೆ ಶೀತ. ಅದರ ಮುಂದಿನ ವಾರ ಹಬ್ಬ. ಒಂದು ತಿಂಗಳಾದ ಮೇಲೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಏನು ಹೇಳಲಿ ಎಂಬ ಹೆದರಿಕೆ. ವರ್ಷವಾದ ಮೇಲೆ ಆ ಹೆದರಿಕೆಯೇ ಸಾಕಿದ ಪ್ರಾಣಿಯ ಹಾಗೆ ಮನೆಯಲ್ಲಿ ಮಲಗಿತು. ಆ ಕಾರ್ಡು ಮಾತ್ರ ಅಳಿಸಲಿಲ್ಲ. ಅಳಿಸಲೂ ಧೈರ್ಯವಿಲ್ಲ, ತೋರಿಸಲೂ ಧೈರ್ಯವಿಲ್ಲ, ಇದೆಂಥ ಮನುಷ್ಯ ನಾನು?

ಮಂಡ್ಯದ ಆಸ್ಪತ್ರೆಯಲ್ಲಿ ನಿಮ್ಮ ಕೊನೆಯ ವಾರ. ನಿಮ್ಮ ಮನೆಯವರು, ಜಯಮ್ಮನವರು, ಔಷಧಿ ತರಲು ಕೆಳಗೆ ಹೋಗಿದ್ದರು. ನೀವು ಕಣ್ಣು ಬಿಟ್ಟು, “ಈ ವಾರ ಯಾವ್ ಮ್ಯಾಚ್ಲಾ?” ಎಂದಿರಿ. ನಾನು ಹೇಳಿದೆ. ನೀವು ತಲೆಯಾಡಿಸಿದಿರಿ. ನಾವಿಬ್ಬರೇ ಇದ್ದೆವು. ಅದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ‘ಸಾರ್, ಮಳವಳ್ಳಿ ಫೈನಲ್ಲು...’ ಎಂದು ಶುರು ಮಾಡಿದೆ. ನೀವು ನನ್ನ ಕಡೆ ತಿರುಗಿ ಕಾದಿರಿ. ನಿಜವಾಗಿ ಕಾದಿರಿ ಮೇಷ್ಟ್ರೇ. ನಾನು, ‘ಜನ ಇನ್ನೂ ಅದ್ನೇ ನೆನುಸ್ಕೋತಾರೆ ಸಾರ್’ ಎಂದು ಮಾತು ಮುಗಿಸಿದೆ. ನೀವು ಸ್ವಲ್ಪ ನಕ್ಕಿರಿ. ಆ ನಗು...

ಮೊನ್ನೆ ಬುಧವಾರ ಪ್ರಕಾಶಣ್ಣ ನನ್ನನ್ನು ಆಫೀಸಿಗೆ ಕರೆದರು. “ಮೇಷ್ಟ್ರ ನೆನಪ್ಗೆ ಒಂದ್ ಪೋಗ್ರಾಂ ಮಾಡ್ಬೇಕು ಯೂನಸು. ಲೈವು. ಜನ ಪೋನ್ ಮಾಡಿ ಮಾತಾಡ್ಲಿ. ನೀನೇ ಕುಂತ್ಕೊ, ನಿಂಗಿಂತ ಅವ್ರ ಬಲ್ಲೋರು ಯಾರವ್ರೆ?” ಎಂದರು. ಆಗಲಿ ಎಂದೆ. “ಸುರುವಿಗೇ ಟಚ್ ಸಿದ್ದನ ಕ್ಲಿಪ್ಪು ಆಕ್ಬುಡು, ಜನ್ಕೆ ಅದೇ ಇಷ್ಟ” ಎಂದರು. ಇನ್ನೊಂದು ಸಲ ಎಲ್ಲರ ಮುಂದೆ, ನನ್ನ ಕೈಯಾರೆ, ನನ್ನ ಬಾಯಾರೆ? ಅಲ್ಲಿಯವರೆಗೆ ನಾನು ಸುಮ್ಮನಿದ್ದವನು ಮಾತ್ರ. ಇನ್ನು ಹೇಳುವವನೂ ನಾನೇ ಆಗಬೇಕು.

ನಿನ್ನೆ ಸೋಮನಹಳ್ಳಿಗೆ ಹೋದೆ. ಸಿದ್ದರಾಜು ಅಲ್ಲೊಂದು ಸಣ್ಣ ಫ್ಯಾಕ್ಟರಿಯಲ್ಲಿ ಮಿಷನ್ ನಡೆಸುತ್ತಾನೆ. ಶಿಫ್ಟಿಗೆ ಮೊದಲು ರಸ್ತೆಯಾಚೆಯ ಟೀ ಅಂಗಡಿಯಲ್ಲಿ ಸಿಕ್ಕ. ಮೈ ತುಂಬಿಕೊಂಡಿದೆ, ನೀಲಿ ಯೂನಿಫಾರಂ ಹಾಕಿದ್ದ. ನನ್ನನ್ನು ಕಂಡು, “ಏನ್ ಯೂನಸಣ್ಣ, ಯಾರ್ ಮದ್ವೆ?” ಎಂದ. ನಾನು ಮಾತಾಡದೆ ಮೊಬೈಲಿನಲ್ಲಿ ಆ ದೃಶ್ಯ ಹಾಕಿ ಅವನ ಕೈಗೆ ಕೊಟ್ಟೆ. ಒಂದು ಸಲ ನೋಡಿದ. ಇನ್ನೊಂದು ಸಲ ನೋಡಿದ. ಮೂರನೆಯ ಸಲ ಅಂಗಿ ಎದ್ದ ಕಡೆ ಹೆಬ್ಬೆರಳಿಟ್ಟು ನಿಲ್ಲಿಸಿದ.

“ಇದ ಯಾವಾಗ ನೋಡ್ದೆ?” ಎಂದ.

“ಅದೇ ಸೋಮವಾರ.”

“ಯಾವ್ ಸೋಮವಾರ?”

“ಮ್ಯಾಚ್ ಆದ್ ಸೋಮವಾರ, ಸಿದ್ದರಾಜು. ಎಂಟ್ ವರ್ಸದ ಇಂದೆ.”

ಅವನು ಬೈಯುತ್ತಾನೆ, ಹೊಡೆಯುತ್ತಾನೆ ಎಂದೇ ಹೋಗಿದ್ದೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವನು ಟೀ ಲೋಟವನ್ನು ನೋಡುತ್ತಾ ಹೇಳಿದ: “ನಮ್ಮವ್ವ ಸಾಯೋಗಂಟ ಕೇಳ್ತಿದ್ಲು ಕಣಣ್ಣ. ನಿಜ್ವಾಗ್ಲೂ ಮುಟ್ಟಿದ್ದೇನ್ಲಾ ಮಗ, ನನ್ ಮ್ಯಾಲೆ ಆಣೆ ಇಟ್ಟಿದ್ದಲ್ಲ ಅಂತ. ಊ ಕಣವ್ವ ಅಂತಿದ್ದೆ. ನಂಬ್ತಿದ್ಲೋ ಇಲ್ವೋ, ನಂಗೊತ್ತಾಯ್ನಿಲ್ಲ.” ಭಾನುವಾರದ ಲೈವಿನಲ್ಲಿ ಇದನ್ನು ಹಾಕಲೇ ಎಂದು ಕೇಳಿದೆ. ಅವನು ಮೊಬೈಲು ವಾಪಸ್ ಕೊಟ್ಟ. “ಮೇಷ್ಟ್ರು ಕಂಡುದ್ನ ಏಳುದ್ರು. ನೀನು ಕಂಡುದ್ನ ಏಳ್ನಿಲ್ಲ.” ಎದ್ದು ರಸ್ತೆ ದಾಟಿದ. ಫ್ಯಾಕ್ಟರಿ ಗೇಟಿನ ಹತ್ತಿರ ಹೋಗಿ ತಿರುಗಿ ನಿಂತು ಕೂಗಿದ: “ಆಕದಾದ್ರೆ ಆಕು. ಮೇಷ್ಟ್ರ ಮ್ಯಾಲೆ ಒಂದ್ ಮಾತೂ ಬರ್ಬಾರ್ದು. ನಿನ್ ಎಸರ ಏಳ್ಕೊ.”

ಅಲ್ಲಿಂದ ಹಾಗೇ ಚಿಕ್ಕರಸಿನಕೆರೆಗೆ ಹೋದೆ. ಜಯಮ್ಮನವರು ಈಗ ಅಲ್ಲಿಯೇ ತಂಗಿ ಮನೆಯಲ್ಲಿದ್ದಾರೆ. ಜಗಲಿ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಹೇಳುತ್ತಾ ಹೇಳುತ್ತಾ ಅವರ ಕೈ ನಿಧಾನವಾಯಿತು, ಆಮೇಲೆ ನಿಂತಿತು.

“ಅವ್ರು ಇದ್ದಾಗ ಯಾಕೆ ಏಳ್ನಿಲ್ಲ?” ಎಂದರು.

“ಎದ್ರಿಕೊಂಡೆ ಅಮ್ಮ.”

“ಅವ್ರಿಗಾ? ಅವ್ರ ಕಂಡ್ರೆ ಎದ್ರಿಕೆನಾ ನಿಂಗೆ? ಅವತ್ತೇ ಏಳಿದ್ರೆ ಆ ಉಡುಗನ ಮನೆಗಂಟ ಓಗಿ ಕೈ ಇಡ್ಕತಿದ್ರು ಕಣಪ್ಪ. ಮುಂದಿನ್ ಬಾನ್ವಾರವೇ ಟೀವಿಲಿ ತಪ್ಪಾಯ್ತು ಅಂತಿದ್ರು. ಅಂಗೆ ಅನ್ನೋ ಅವಕಾಸ್ವ ನೀನು ಕಿತ್ಕೊಬುಟ್ಟೆ.”

ಅವರು ದನಿ ಏರಿಸಲಿಲ್ಲ. ನಾನು, ಭಾನುವಾರ ಆ ದೃಶ್ಯ ಹಾಕಲೇ, ಬೇಡವೇ ಎಂದು ಕೇಳಿದೆ. “ನನ್ನ ಕೇಳ್ಬ್ಯಾಡ” ಎಂದು ಅವರೆಕಾಯಿಯ ಮೊರ ಎತ್ತಿಕೊಂಡು ಒಳಗೆ ಹೋದರು. ಬಾಗಿಲು ಹಾಕಿಕೊಳ್ಳಲಿಲ್ಲ. ಆದರೆ ಒಳಗೆ ಕರೆಯಲೂ ಇಲ್ಲ. ಯಾವತ್ತಾದರೂ ಕಾಫಿ ಕುಡಿಸದೆ ನನ್ನನ್ನು ಕಳಿಸಿದ್ದರೇ?

ಈಗ ಶುಕ್ರವಾರ ಮಧ್ಯಾಹ್ನ. ಪ್ರಕಾಶಣ್ಣನಿಗೂ ಹೇಳಿಯಾಯಿತು. ಕೆಂಡಾಮಂಡಲವಾದರು. “ಸತ್ತೋರ್ನ ಇನ್ನೊಂದ್ಸಲ ಸಾಯುಸ್ತೀಯೇನ್ಲಾ? ಆ ಕ್ಲಿಪ್ಪು ಬಂದ್ರೆ ಲೈನ್ ಕಟ್ ಮಾಡ್ಬುಡ್ತೀನಿ, ಈಗ್ಲೇ ಏಳಿವ್ನಿ” ಎಂದರು. ಅವರು ಹೇಳುವುದರಲ್ಲೂ ನ್ಯಾಯವಿಲ್ಲವೇ? ನಿಮ್ಮ ಫೋಟೋಗೆ ಹೂವು ಹಾಕಿ, ಅದರ ಪಕ್ಕದಲ್ಲೇ ನಿಮ್ಮ ತಪ್ಪು ತೋರಿಸಿದರೆ, ಉತ್ತರ ಹೇಳಲು ನೀವಿಲ್ಲ. ತೋರಿಸದಿದ್ದರೆ, ಸಿದ್ದರಾಜುವಿಗೆ ಉತ್ತರ ಹೇಳುವವರೇ ಇಲ್ಲ. ಒಂದು ಕ್ಷಣ ಹಾಕುತ್ತೇನೆ ಅನ್ನಿಸುತ್ತದೆ, ಇನ್ನೊಂದು ಕ್ಷಣ ಆ ಕಾರ್ಡು ಎತ್ತಿ ಬೀರುವಿನೊಳಗೆ ಇಟ್ಟುಬಿಡುತ್ತೇನೆ. ನೀವಿದ್ದಿದ್ದರೆ ಏನು ಮಾಡುತ್ತಿದ್ದಿರಿ ಎಂದು ಯೋಚಿಸಿದೆ. ನೀವಿದ್ದಿದ್ದರೆ ಇದು ನನ್ನ ಕೈಗೆ ಬರುತ್ತಲೇ ಇರಲಿಲ್ಲ. ಇಲ್ಲಿಗೆ ನಿಲ್ಲಿಸುತ್ತೇನೆ.

---

ಮೇಷ್ಟ್ರೇ, ಹತ್ತು ದಿನ ಈ ಕಾಗದ ಮುಟ್ಟಲಿಲ್ಲ. ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ.

ಭಾನುವಾರ ಸಂಜೆ ನಿಮ್ಮ ಕುರ್ಚಿಯಲ್ಲಿ ಕೂತೆ. ಕ್ಯಾಮೆರಾದ ಹಿಂದೆ ಪ್ರಕಾಶಣ್ಣ. ಇಷ್ಟು ವರ್ಷ ಆ ಗಾಜಿನ ಕಣ್ಣಿನ ಹಿಂದೆ ನಿಂತವನಿಗೆ ಅದರ ಮುಂದೆ ಕೂತಾಗಲೇ ಗೊತ್ತಾದದ್ದು, ಅದು ಎಷ್ಟು ಕಪ್ಪಗಿದೆ ಎಂದು. ನೀವು ಹೇಗೆ ಅದರೊಳಗೆ ಊರಿನ ಜನರನ್ನೆಲ್ಲ ಕಾಣುತ್ತಿದ್ದಿರಿ? ‘ನಮಸ್ಕಾರ’ ಎಂದೆ, ದನಿ ನನ್ನದಲ್ಲ. ನಿಮ್ಮ ಹಳೆಯ ಪಂದ್ಯಗಳು, ನಿಮ್ಮ ಸೀಟಿ, ನಿಮ್ಮ ಬಿಳಿ ಬೂಟು, ಎಲ್ಲ ತೋರಿಸಿದೆ. ನಾಲ್ಕೈದು ಜನ ಫೋನ್ ಮಾಡಿ ಅತ್ತರು. ಒಬ್ಬಾಕೆ, ನಿಮ್ಮಿಂದಲೇ ತನ್ನ ಮಗಳನ್ನು ಆಟಕ್ಕೆ ಕಳಿಸಿದೆ ಎಂದಳು. ಎಲ್ಲ ಚೆನ್ನಾಗಿ ನಡೆಯುತ್ತಿತ್ತು. ಹೀಗೇ ಮುಗಿಸಿಬಿಡಬಹುದಲ್ಲ ಎಂದು ಒಳಗಿಂದ ಯಾರೋ ಹೇಳುತ್ತಲೇ ಇದ್ದರು. ಗಡಿಯಾರ ನೋಡಿದೆ, ಇನ್ನು ಹನ್ನೆರಡು ನಿಮಿಷ.

ಟೇಬಲ್ ಮೇಲಿನ ಲ್ಯಾಪ್‌ಟಾಪಿನಲ್ಲಿ ಆ ಕ್ಲಿಪ್ಪು ಹಾಕಿದೆ. ಮೊದಲು ಪಕ್ಕದ ಕ್ಯಾಮೆರಾದ್ದು. ನೀವು ಮಾತಾಡಿದ್ದು ಹಾಕಲಿಲ್ಲ. ಆಮೇಲೆ ಮಾಳಿಗೆ ಮೇಲಿನದು. ಪ್ರಕಾಶಣ್ಣ ಸ್ವಿಚ್ಚಿನ ಹತ್ತಿರ ಧಾವಿಸಿದ್ದು ಕಂಡಿತು. ಕೈ ಅದರ ಮೇಲೆ ಇಟ್ಟೂ ಇಟ್ಟರು. ಆದರೆ ಕಣ್ಣು ಟಿ.ವಿ. ಮೇಲಿತ್ತು. ಅಂಗಿ ಎದ್ದು ಬಿತ್ತು. “ಅಯ್ಯೋ, ಮುಟ್ಟವ್ನಲ್ಲಪ್ಪಾ!” ಎಂದರು. ಮೈಕಿನಲ್ಲಿ ಮದ್ದೂರು, ಮಳವಳ್ಳಿಗೆಲ್ಲ ಕೇಳಿಸಿತು. ಸ್ವಿಚ್ಚಿನಿಂದ ಕೈ ತೆಗೆದು ತಲೆ ಮೇಲೆ ಇಟ್ಟುಕೊಂಡರು.

ಆಗ ನಾನು ಹೇಳಿದೆ. ಬರೆದು ತಂದಿದ್ದ ಚೀಟಿ ಜೇಬಿನಲ್ಲೇ ಉಳಿಯಿತು. ‘ಸಿದ್ದರಾಜು ಮುಟ್ಟಿದ್ದ. ಮೇಷ್ಟ್ರಿಗೆ ಇದು ಗೊತ್ತಿರಲಿಲ್ಲ. ಅವರು ನನ್ನನ್ನು ಕೇಳಿದ್ದರು, ನಾನು ಬ್ಯಾಟರಿ ಹೋಗಿತ್ತು ಎಂದು ಸುಳ್ಳು ಹೇಳಿದೆ. ಆಮೇಲೆ ನೋಡಿದೆ, ನೋಡಿಯೂ ಎಂಟು ವರ್ಷ ಮುಚ್ಚಿಟ್ಟೆ. ಅವತ್ತು ಸುಳ್ಳು ಹೇಳಿದವನು ಪೂರಿಗಾಲಿಯ ಸಿದ್ದರಾಜು ಅಲ್ಲ. ಈ ಕುರ್ಚಿಯಲ್ಲಿ ಕೂತಿರುವ ಯೂನಸ್.’ ಇಷ್ಟೇ. ಒಂದು ನಿಮಿಷವೂ ಆಗಲಿಲ್ಲ. ಎಂಟು ವರ್ಷ ಹೊತ್ತದ್ದು ಒಂದು ನಿಮಿಷಕ್ಕೂ ಬಾರದ ಮಾತು.

ಫೋನು ತಕ್ಷಣ ಬಡಿದುಕೊಂಡಿತು. ಮೊದಲನೆಯವರು ನಮ್ಮ ಮದ್ದೂರಿನವರೇ, ಹೆಸರು ಹೇಳಲಿಲ್ಲ. “ಮೇಷ್ಟ್ರು ಇರೋಗಂಟ ಬಾಲ ಮುದುರ್ಕೊಂಡಿದ್ದು ಈಗ ಮೀಸೆ ತಿರುವ್ತೀಯೇನ್ಲಾ?” ಎಂದು ಶುರು ಮಾಡಿ ಹೇಳಬಾರದ್ದನ್ನೂ ಹೇಳಿದರು. ಪ್ರಕಾಶಣ್ಣ ಕಾಲ್ ಕಟ್ ಮಾಡಿದರು. ಎರಡನೆಯದು ಎತ್ತಿದಾಗ ಯಾರೂ ಮಾತಾಡಲಿಲ್ಲ. ಉಸಿರು ಮಾತ್ರ. ಇಡೋಣ ಅಂದುಕೊಂಡೆ. ಆಮೇಲೆ ಒಂದು ಗಂಡು ದನಿ, “ಅಣ್ಣ, ನಾನು ಮಂಜ. ಅವತ್ತು ಎಡ ಮೂಲೇಲಿ ನಿಂತಿದ್ದೋನು” ಎಂದಿತು.

ಪ್ರಕಾಶಣ್ಣ ಬಂದು ಫೋನಿನ ಸ್ಪೀಕರ್ ದೊಡ್ಡದು ಮಾಡಿದರು ಮೇಷ್ಟ್ರೇ. “ಟಚ್ ಆಗಿತ್ತು ಕಣಣ್ಣ. ಅಂಗಿ ಎಳ್ದಂಗಾಯ್ತು, ನಂಗ್ ಗೊತ್ತಾಯ್ತು. ಫೈನಲ್ಲು, ಎಲ್ರೂ ನೋಡ್ತಾವ್ರೆ, ಇಲ್ಲ ಅಂದ್ಬುಟ್ಟೆ. ರೆಫ್ರಿನೂ ಇಲ್ಲ ಅಂದ್ರು. ಆಮೇಲೆ ಮೇಷ್ಟ್ರೇ ಟೀವಿಲಿ ಇಲ್ಲ ಅಂದ್ಮೇಲೆ ನಾನೇನ್ ಏಳ್ಲಿ?” ಎಂದ. ಆಮೇಲೆ, “ಸಿದ್ದಣ್ಣ ನೋಡ್ತಾವ್ನೋ ಇಲ್ವೋ. ನೋಡ್ತಿದ್ರೆ... ತಪ್ಪಾಯ್ತು ಸಿದ್ದಣ್ಣ” ಎಂದು ಫೋನ್ ಇಟ್ಟ. ನಾನು ಪಕ್ಕಕ್ಕೆ ತಿರುಗಿ ಮುಖ ಒರೆಸಿಕೊಂಡೆ. ಕಾರ್ಯಕ್ರಮ ಹೇಗೆ ಮುಗಿಯಿತೋ ನೆನಪಿಲ್ಲ. ಕೊನೆಗೆ ನಮಸ್ಕಾರ ಹೇಳುವುದನ್ನೂ ಮರೆತೆನಂತೆ.

ಆ ವಾರ ಹೇಗೆ ಕಳೆಯಿತೆಂದು ಕೇಳಬೇಡಿ. ಪೇಟೆಯಲ್ಲಿ ಕೆಲವರು ಮುಖ ತಿರುಗಿಸಿಕೊಂಡರು. ಒಪ್ಪಿಕೊಂಡಿದ್ದ ಎರಡು ಮದುವೆಯವರು ಬೇರೆಯವರನ್ನು ಗೊತ್ತು ಮಾಡಿಕೊಂಡರು. ಮೊಬೈಲಿನಲ್ಲಿ ಆ ವಿಡಿಯೋ ಕೆಳಗೆ ಯಾರೋ ‘ಗುರುದ್ರೋಹಿ’ ಎಂದು ಬರೆದಿದ್ದರು. ಅದನ್ನು ಓದಿ ಕೋಪ ಬರಲಿಲ್ಲ. ಅದು ಪೂರ್ತಿ ಸುಳ್ಳೂ ಅಲ್ಲ, ಅಲ್ಲವೇ? ಆದರೆ ನಿಮ್ಮ ಬಗ್ಗೆ ಯಾರೂ ಹಗುರವಾಗಿ ಮಾತಾಡಲಿಲ್ಲ ಮೇಷ್ಟ್ರೇ. ನಾನು ಅತಿ ಹೆಚ್ಚು ಹೆದರಿದ್ದು ಅದಕ್ಕೇ. ನನ್ನ ನಾಚಿಕೆಗೆ ನಿಮ್ಮ ಹೆಸರನ್ನು ನೆಪ ಮಾಡಿಕೊಂಡಿದ್ದೆನೋ ಏನೋ ಇಷ್ಟು ವರ್ಷ.

ಶುಕ್ರವಾರ ಬೆಳಿಗ್ಗೆ ಜಯಮ್ಮನವರು ಫೋನ್ ಮಾಡಿದರು. ಹೆಸರು ಕಂಡ ಕೂಡಲೇ ಎದ್ದು ನಿಂತೆ. “ಆ ಉಡುಗ ಬಂದಿದ್ದ ಕಣಪ್ಪ, ಮಗಳ ಕರ್ಕಂಡು. ಅವ್ರ ಪೋಟ ತಾವ ವಸಿ ಒತ್ತು ನಿಂತ್ಕಂಡ. ಏನೂ ಮಾತಾಡ್ನಿಲ್ಲ. ಕಾಪಿ ಕೊಟ್ಟೆ, ಕುಡ್ದು ಓದ” ಎಂದರು. ನಾನು, ‘ನಾನೂ ಬರ್ಲಾ ಅಮ್ಮ?’ ಎಂದೆ. “ಬಾ. ಈಗ್ಲೇ ಬರ್ಬ್ಯಾಡ. ವಸಿ ದಿನ ಓಗ್ಲಿ, ನಾನೇ ಏಳ್ತೀನಿ” ಎಂದರು. ಅಷ್ಟು ಸಾಕು ನನಗೆ. ಅವರು ಕರೆಯುವವರೆಗೆ ಕಾಯುತ್ತೇನೆ. ಎಷ್ಟು ದಿನವಾದರೂ.

ಇನ್ನು ನಿಮಗೆ ಹೇಳಲೆಂದೇ ಇಟ್ಟುಕೊಂಡ ಸುದ್ದಿ. ನಿನ್ನೆ ಭಾನುವಾರ ಬೆಳಿಗ್ಗೆ ಕ್ಯಾಮೆರಾ ತೆಗೆದುಕೊಂಡು ಪೂರಿಗಾಲಿಗೆ ಹೋಗಿದ್ದೆ. ದೊಡ್ಡ ಪಂದ್ಯವೇನಲ್ಲ, ಗದ್ದೆ ಬಯಲಿನಲ್ಲಿ ಊರಿನ ಮೇಲಿನ ಬೀದಿಯವರಿಗೂ ಕೆಳಗಿನ ಬೀದಿಯವರಿಗೂ ಕಬಡ್ಡಿ. ಸುಣ್ಣದ ಗೆರೆ ಸೊಟ್ಟಗಿತ್ತು. ಸಿದ್ದರಾಜು ಕೆಳಗಿನ ಬೀದಿಯ ಕಡೆ ಚಡ್ಡಿ ಹಾಕಿಕೊಂಡು ನಿಂತಿದ್ದ. ನನ್ನನ್ನು ನೋಡಿ ಹತ್ತಿರ ಬಂದು, “ನಿನ್ ತಾವ ನಾನಿನ್ನೂ ಮಾತಾಡಕ್ಕಿಲ್ಲ” ಎಂದ. ಸರಿ ಎಂದೆ. “ತೆಗ್ಯದು ತೆಕ್ಕೊ” ಎಂದು ಹೋದ. ಅವನ ಮಗಳು ಗೆರೆಯಾಚೆ ಚಪ್ಪಲಿ ಕಾಯುತ್ತಾ ಕೂತಿದ್ದಳು.

ಮೊದಲ ರೈಡು ಅವನದೇ. ಎಂಟು ವರ್ಷದ ಮೇಲೆ ಗೆರೆ ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಹೋದ. ನನಗೆ ಫೋಕಸ್ ಸಿಗಲಿಲ್ಲ. ನಾಲ್ಕು ಹೆಜ್ಜೆ ಹೋಗಿರಲಿಲ್ಲ, ಕಾಲೇಜಿಗೆ ಹೋಗುವ ಹುಡುಗನೊಬ್ಬ ಕಾಲು ಹಿಡಿದು ಧಡ್ ಎಂದು ಕೆಡವಿದ. ಎಲ್ಲರೂ ಅವನ ಮೇಲೆ ಬಿದ್ದರು. ಈಗೇನು ಕೇಳಬೇಕೋ, ಯಾರು ಏನು ಅನ್ನುತ್ತಾರೋ... ಗುಂಪು ಸರಿಯಿತು. ಸಿದ್ದರಾಜು ಮಣ್ಣಿನಲ್ಲಿ ಅಂಗಾತ ಬಿದ್ದುಕೊಂಡು ನಗುತ್ತಿದ್ದ. ಎದ್ದು, ಮಂಡಿ ಕೊಡವಿಕೊಂಡು, “ಉಸ್ರೇ ಇಲ್ಲ ಕಣ್ರಲಾ” ಎನ್ನುತ್ತಾ ಹೊರಗೆ ಹೋಗಿ ಔಟಾದವರ ಜಾಗದಲ್ಲಿ ಕೂತ. ತಂಡಕ್ಕೊಂದು ಪಾಯಿಂಟ್ ಬಂದರೆ ತಾನೇ ಅವನು ಮತ್ತೆ ಒಳಗೆ ಬರುವುದು? ಮೊಣಕೈ ತೊಡೆಗೆ ಊರಿ, ಕಣ್ಣು ಕದಲಿಸದೆ ನೋಡುತ್ತಾ ಕೂತಿದ್ದ. ಎರಡು ರೈಡು ಖಾಲಿ ಹೋದವು. ಮೂರನೆಯದರಲ್ಲಿ ಅವನ ಬೀದಿಯ ಹುಡುಗ ಒಬ್ಬನನ್ನು ಮುಟ್ಟಿಕೊಂಡು ಓಡಿ ಬಂದ. ರೆಫರಿ ಸೀಟಿ ಊದಿ ಕೈ ತೋರಿಸಿದರು.

ಸಿದ್ದರಾಜು ಒಳಗೆ ಹೋದ, ಮೇಷ್ಟ್ರೇ.

ನಿಮ್ಮ
ಯೂನಸ್